ಔಷಧ ಮತ್ತು ವೈದ್ಯಕೀಯ ಸಾಧನಗಳ ದುಷ್ಪರಿಣಾಮ ವರದಿ: ಅರಸೀಕೆರೆ, ಬೇಲೂರು, ಹಳೇಬೀಡು

ಔಷಧ, ಲಸಿಕೆ ಅಥವಾ ವೈದ್ಯಕೀಯ ಸಾಧನವನ್ನು ಬಳಸಿದವರಿಗೆ ಆದ ತೊಂದರೆಯನ್ನು ದಾಖಲಿಸಿ, ಅದನ್ನು ಪರಿಶೀಲಿಸಬಲ್ಲವರಿಗೆ ಮುಟ್ಟಿಸುವ ವ್ಯವಸ್ಥೆ. ಔಷಧಗಳಿಗೆ ಸಂಬಂಧಿಸಿದ ಭಾಗವನ್ನು ಫಾರ್ಮಕೋವಿಜಿಲೆನ್ಸ್ ಎಂದೂ ಸಾಧನಗಳಿಗೆ ಸಂಬಂಧಿಸಿದ್ದನ್ನು ಮೆಟೀರಿಯೋವಿಜಿಲೆನ್ಸ್ ಎಂದೂ ಕರೆಯುತ್ತಾರೆ. ಭಾರತದಲ್ಲಿ ಎರಡಕ್ಕೂ ಕೇಂದ್ರ ಗಾಜಿಯಾಬಾದಿನ ಭಾರತೀಯ ಫಾರ್ಮಕೊಪೀಯ ಆಯೋಗ. ಈ ವ್ಯವಸ್ಥೆ ಹಳ್ಳಿ ಮತ್ತು ತಾಲೂಕು ಮಟ್ಟದಲ್ಲಿ ಹೇಗೆ ನಡೆಯುತ್ತದೆ, ಎಲ್ಲಿ ಕಡಿದುಹೋಗುತ್ತದೆ ಎಂಬುದನ್ನು ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು ಮತ್ತು ಹಳೇಬೀಡು ಸೀಮೆಯಲ್ಲಿಟ್ಟು ಈ ಲೇಖನ ನೋಡುತ್ತದೆ.

ಅರಸೀಕೆರೆ ತೆಂಗಿನ ನಾಡು, ರೈಲ್ವೆ ಜಂಕ್ಷನ್. ಬಾಣಾವರ, ಗಂಡಸಿ, ಜಾವಗಲ್, ಕಣಕಟ್ಟೆ ಹೋಬಳಿಗಳ ಜನ ಆಸ್ಪತ್ರೆಗೂ ಸಂತೆಗೂ ಇಲ್ಲಿಗೇ ಬರುತ್ತಾರೆ. ಬೇಲೂರು ತಾಲೂಕಿನ ಒಂದು ಮಗ್ಗುಲು ಬಯಲುಸೀಮೆಯನ್ನು ಹೋಲುತ್ತದೆ, ಅರೇಹಳ್ಳಿ ಮತ್ತು ಬಿಕ್ಕೋಡು ಕಡೆಯ ಇನ್ನೊಂದು ಮಗ್ಗುಲು ಕಾಫಿ ತೋಟಗಳ ಮಲೆನಾಡು. ಹಳೇಬೀಡು ಇದೇ ತಾಲೂಕಿನ ಹೋಬಳಿ. ಈ ಮೂರೂ ಊರುಗಳಲ್ಲಿ ವೈದ್ಯಕೀಯ ಕಾಲೇಜಿಲ್ಲ. ಜ್ವರ, ಮೈಕೈ ನೋವಿಗೆ ಜನ ಮೊದಲು ಹೋಗುವುದು ಮೆಡಿಕಲ್ ಸ್ಟೋರಿಗೋ ಖಾಸಗಿ ಕ್ಲಿನಿಕ್ಕಿಗೋ. ಅಲ್ಲಿಂದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲೂಕು ಆಸ್ಪತ್ರೆ. ಕೈಮೀರಿದರೆ ಹಾಸನದ ಶ್ರೀ ಚಾಮರಾಜೇಂದ್ರ ಆಸ್ಪತ್ರೆ. 2006ರಲ್ಲಿ ಆರಂಭವಾದ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧನಾ ಆಸ್ಪತ್ರೆ ಅದೇ.

ವರದಿ ಕಳೆದುಹೋಗುವುದು ಈ ದಾರಿಯಲ್ಲಿಯೇ. ಮಾತ್ರೆ ನುಂಗಿದ್ದು ಜಾವಗಲ್ಲಿನಲ್ಲಿ, ಮೈಯೆಲ್ಲ ದದ್ದು ಎದ್ದದ್ದು ಅರಸೀಕೆರೆಯಲ್ಲಿ, ದಾಖಲಾದದ್ದು ಹಾಸನದಲ್ಲಿ ಎಂದಾದರೆ, ಕೊನೆಯ ವೈದ್ಯರ ಕೈಗೆ ರೋಗಿ ಸಿಗುತ್ತಾನೆ, ಮಾತ್ರೆಯ ಹೆಸರು ಸಿಗುವುದಿಲ್ಲ. ಬಿಳಿ ಬಣ್ಣದ್ದು, ದುಂಡಗಿತ್ತು, ನೋವಿಗೆ ಕೊಟ್ಟಿದ್ದರು ಎಂಬಷ್ಟೇ ಉಳಿದಿರುತ್ತದೆ. ಪಟ್ಟಿಯಿಂದ ನಾಲ್ಕು ಮಾತ್ರೆ ಕತ್ತರಿಸಿ ಕೊಡುವ ರೂಢಿ ನಮ್ಮ ಎಲ್ಲ ಊರುಗಳಲ್ಲೂ ಇದೆ. ಹಾಗೆ ಕತ್ತರಿಸಿದಾಗ ಬ್ಯಾಚ್ ಸಂಖ್ಯೆ, ತಯಾರಿಕೆಯ ತಿಂಗಳು, ಅವಧಿ ಮುಗಿಯುವ ತಿಂಗಳು ಮುದ್ರಿಸಿದ ತುದಿ ಅಂಗಡಿಯಲ್ಲೇ ಉಳಿಯುತ್ತದೆ. ತೊಂದರೆ ಔಷಧದ ಗುಣದಿಂದ ಆಯಿತೇ, ಆ ಒಂದು ಬ್ಯಾಚಿನ ದೋಷದಿಂದ ಆಯಿತೇ ಎಂದು ತಿಳಿಯಲು ಆ ತುದಿ ಬೇಕೇ ಬೇಕು.

ಹಿನ್ನೆಲೆ

ಮಾರುಕಟ್ಟೆಗೆ ಬರುವ ಮುನ್ನ ಹೊಸ ಔಷಧವನ್ನು ಸಾಮಾನ್ಯವಾಗಿ ಕೆಲವು ಸಾವಿರ ಜನರ ಮೇಲೆ ಪರೀಕ್ಷಿಸಿರುತ್ತಾರೆ. ಹತ್ತು ಸಾವಿರದಲ್ಲಿ ಒಬ್ಬರಿಗೆ ಆಗುವ ತೊಂದರೆ ಒಮ್ಮೆಯಾದರೂ ಕಣ್ಣಿಗೆ ಬೀಳಬೇಕಾದರೆ ಸುಮಾರು ಮೂವತ್ತು ಸಾವಿರ ಜನರನ್ನು ಗಮನಿಸಬೇಕೆಂದು ಸಂಖ್ಯಾಶಾಸ್ತ್ರ ಹೇಳುತ್ತದೆ. ಗರ್ಭಿಣಿಯರು, ಎಳೆಯ ಮಕ್ಕಳು, ಮೂತ್ರಪಿಂಡ ಸೋತ ವೃದ್ಧರು, ಒಟ್ಟಿಗೆ ಐದಾರು ಮಾತ್ರೆ ನುಂಗುವವರು ಅಂಥ ಪರೀಕ್ಷೆಗಳಲ್ಲಿ ಇರುವುದೇ ಕಡಿಮೆ. ಆದ್ದರಿಂದ ಔಷಧದ ಪೂರ್ಣ ಪರಿಚಯವಾಗುವುದು ಅದು ಜನರ ನಡುವೆ ಬಂದ ಮೇಲೆಯೇ.

ಜಗತ್ತಿಗೆ ಈ ಪಾಠ ಕಲಿಸಿದ್ದು ಥಾಲಿಡೊಮೈಡ್. ಗರ್ಭಿಣಿಯರ ವಾಕರಿಕೆಗೂ ನಿದ್ರೆಗೂ ಕೊಡುತ್ತಿದ್ದ ಈ ಮಾತ್ರೆಯಿಂದ ಕೈಕಾಲು ಬೆಳೆಯದ ಮಕ್ಕಳು ಹುಟ್ಟುತ್ತಿವೆ ಎಂಬ ಅನುಮಾನವನ್ನು 1961ರಲ್ಲಿ ಜರ್ಮನಿಯ ವಿಡುಕಿಂಡ್ ಲೆಂಟ್ಸ್ ಮತ್ತು ಆಸ್ಟ್ರೇಲಿಯಾದ ವಿಲಿಯಂ ಮೆಕ್‌ಬ್ರೈಡ್ ಪ್ರತ್ಯೇಕವಾಗಿ ಮುಂದಿಟ್ಟರು. ಮೆಕ್‌ಬ್ರೈಡ್ ಅದನ್ನು ತಿಳಿಸಿದ್ದು ಲ್ಯಾನ್ಸೆಟ್ ಪತ್ರಿಕೆಗೆ ಬರೆದ ಪುಟ್ಟ ಪತ್ರದಲ್ಲಿ. ಬ್ರಿಟನ್ 1964ರಲ್ಲಿ ಹಳದಿ ಕಾರ್ಡಿನ ವರದಿ ಪದ್ಧತಿ ತಂದಿತು. ವಿಶ್ವ ಆರೋಗ್ಯ ಸಂಸ್ಥೆ 1968ರಲ್ಲಿ ಹತ್ತು ದೇಶಗಳೊಡನೆ ಅಂತರರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. 1978ರಿಂದ ಅದರ ಕೆಲಸ ನಡೆಯುವುದು ಸ್ವೀಡನ್ನಿನ ಉಪ್ಸಾಲಾದಲ್ಲಿ. ಅಲ್ಲಿನ ವಿಜಿಬೇಸ್ ಭಂಡಾರದಲ್ಲಿ ಇಂದು 4 ಕೋಟಿಗೂ ಹೆಚ್ಚು ವರದಿಗಳಿವೆ.

ಭಾರತ ಈ ಬಳಗವನ್ನು ಸೇರಿದ್ದು 1990ರ ದಶಕದ ಕೊನೆಯಲ್ಲಿ. ಈಗಿನ ರಾಷ್ಟ್ರೀಯ ಕಾರ್ಯಕ್ರಮ 2010ರ ಜುಲೈನಲ್ಲಿ ದೆಹಲಿಯ ಏಮ್ಸ್‌ನಲ್ಲಿ ಆರಂಭವಾಗಿ 2011ರ ಏಪ್ರಿಲ್‌ನಲ್ಲಿ ಗಾಜಿಯಾಬಾದಿಗೆ ಬಂತು. ವೈದ್ಯಕೀಯ ಕಾಲೇಜುಗಳಲ್ಲೂ ದೊಡ್ಡ ಆಸ್ಪತ್ರೆಗಳಲ್ಲೂ ದೇಶದಾದ್ಯಂತ ನೂರಾರು ನಿಗಾ ಕೇಂದ್ರಗಳಿವೆ. ರಕ್ತ ವರ್ಗಾವಣೆಯ ತೊಂದರೆಗಳಿಗೆ 2012ರ ಡಿಸೆಂಬರ್‌ನಿಂದ ನೋಯ್ಡಾದಲ್ಲಿ ಬೇರೆಯೇ ಕಾರ್ಯಕ್ರಮವಿದೆ.

ಕರ್ನಾಟಕದಲ್ಲಿ ಈ ಕೆಲಸ ರಾಷ್ಟ್ರೀಯ ಕಾರ್ಯಕ್ರಮಕ್ಕಿಂತ ಮೊದಲೇ ಬೇರು ಬಿಟ್ಟಿತ್ತು. ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜಿನವರು 1990ರ ದಶಕದ ಉತ್ತರಾರ್ಧದಲ್ಲಿ ಫಾರ್ಮಸಿಸ್ಟನನ್ನು ಔಷಧ ಎಣಿಸುವ ಕಿಟಕಿಯಿಂದ ಎಬ್ಬಿಸಿ ವಾರ್ಡಿಗೆ ಕರೆತಂದರು. ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು ಔಷಧದ ತೊಂದರೆ ಹುಡುಕುವ ಪದ್ಧತಿ ಅಲ್ಲಿ ಬೆಳೆಯಿತು. ಅವರು 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ದಾಖಲಾದ ರೋಗಿಗಳಲ್ಲಿ ಶೇ. 3.7ರಷ್ಟು ಮಂದಿಗೆ ಔಷಧದ ದುಷ್ಪರಿಣಾಮವಾಗಿತ್ತು. ದಾಖಲಾತಿಗಳಲ್ಲಿ ಶೇ. 0.7ರಷ್ಟಕ್ಕೆ ಔಷಧವೇ ಕಾರಣವಾಗಿತ್ತು. ಒಂದೊಂದು ತೊಂದರೆಯ ಚಿಕಿತ್ಸೆಗೆ ಆಗ ತಗುಲಿದ ಸರಾಸರಿ ವೆಚ್ಚ 690 ರೂಪಾಯಿ. ಕೂಲಿಯವನ ಮಟ್ಟಿಗೆ ಇಪ್ಪತ್ತು ವರ್ಷದ ಹಿಂದಿನ 690 ರೂಪಾಯಿ ಸಣ್ಣ ಮೊತ್ತವಲ್ಲ. ಏಷ್ಯಾ ಪೆಸಿಫಿಕ್ ದೇಶಗಳವರಿಗಾಗಿ ಉಪ್ಸಾಲಾ ಕೇಂದ್ರ ನಡೆಸುವ ತರಬೇತಿ 2015ರಿಂದ ನಡೆಯುತ್ತ ಬಂದಿರುವುದೂ ಮೈಸೂರಿನಲ್ಲೇ. ಅರಸೀಕೆರೆಯಿಂದ ಒಂದೇ ರೈಲಿನಲ್ಲಿ ಮುಟ್ಟುವ ಊರಿನಲ್ಲಿ ಇಷ್ಟು ವಿದ್ಯೆ ಇದೆ. ಅದು ತಾಲೂಕಿನ ಮೆಡಿಕಲ್ ಸ್ಟೋರಿನವರೆಗೆ ಇಳಿದಿಲ್ಲ ಎಂಬುದೇ ಕೊರತೆ.

ಹಾಸನ, 2025

ಈ ಸೀಮೆಯ ಜನರ ಬಾಯಲ್ಲಿ ದುಷ್ಪರಿಣಾಮದ ಮಾತು ಅತಿ ಹೆಚ್ಚು ಓಡಾಡಿದ್ದು 2025ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ. ಜಿಲ್ಲೆಯಲ್ಲಿ ಒಂದರ ಹಿಂದೊಂದು ಹಠಾತ್ ಸಾವುಗಳು ಸುದ್ದಿಯಾದವು. ಸತ್ತವರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಒಂದೇ ತಿಂಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರೆಂಬ ಲೆಕ್ಕ ಹರಡಿತು. ಊರೂರಲ್ಲಿ ಕೋವಿಡ್ ಲಸಿಕೆಯ ಮೇಲೆ ಬೆರಳು ತೋರಿದರು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆಂದು ಬೆಳಗಿನ ಜಾವದಿಂದಲೇ ಜನ ಸಾಲುಗಟ್ಟಿದರು.

ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು, ಲಸಿಕೆಗೆ ಅವಸರದಲ್ಲಿ ಅನುಮತಿ ಕೊಟ್ಟದ್ದೂ ಕಾರಣವಾಗಿರಬಹುದೆಂಬ ಅರ್ಥದ ಮಾತನ್ನು ಬಹಿರಂಗವಾಗಿ ಹೇಳಿದರು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರ ಸಮಿತಿಗೆ ಅಧ್ಯಯನವನ್ನು ಒಪ್ಪಿಸಲಾಗಿತ್ತು. ಮುಖ್ಯಮಂತ್ರಿಯವರ ಮಾತನ್ನು ಮರುದಿನವೇ ಕೇಂದ್ರ ಆರೋಗ್ಯ ಸಚಿವಾಲಯ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನವನ್ನು ಮುಂದಿಟ್ಟು ನಿರಾಕರಿಸಿತು. ಐಸಿಎಂಆರ್ 47 ಆಸ್ಪತ್ರೆಗಳಲ್ಲಿ, 18ರಿಂದ 45 ವಯಸ್ಸಿನವರ ವಿವರಿಸಲಾಗದ ಹಠಾತ್ ಸಾವುಗಳನ್ನು ಪರಿಶೀಲಿಸಿತ್ತು. ಲಸಿಕೆಯಿಂದ ಅಪಾಯ ಹೆಚ್ಚಿದ್ದು ಅದರಲ್ಲಿ ಕಂಡಿರಲಿಲ್ಲ. ಹೆಚ್ಚಿಸಿದ್ದು ಕೋವಿಡ್‌ನಿಂದ ಆಸ್ಪತ್ರೆ ಸೇರಿದ ಇತಿಹಾಸ, ಕುಟುಂಬದಲ್ಲಿ ಹಠಾತ್ ಸಾವು, ಸಾವಿಗೆ ಹಿಂದಿನ ಎರಡು ದಿನಗಳಲ್ಲಿ ವಿಪರೀತ ಕುಡಿತ ಅಥವಾ ವಿಪರೀತ ದೇಹಶ್ರಮ.

ರಾಜ್ಯದ ಸಮಿತಿಯೂ ಲಸಿಕೆಗೂ ಚಿಕ್ಕ ವಯಸ್ಸಿನ ಹೃದಯಾಘಾತಗಳಿಗೂ ನಂಟು ಕಾಣಲಿಲ್ಲ ಎಂದಿತು. ಹಾಸನದ ಸುದ್ದಿಯಾದ 24 ಸಾವುಗಳನ್ನು ಒಂದೊಂದಾಗಿ ನೋಡಿದಾಗ 20 ಹೃದಯ ಸಂಬಂಧಿ ಎಂದು ಖಚಿತವಾದವು ಅಥವಾ ಹಾಗಿರಬಹುದೆಂದು ತೀರ್ಮಾನವಾಯಿತು. ಉಳಿದ ನಾಲ್ಕಕ್ಕೆ ಬೇರೆ ಕಾರಣಗಳಿದ್ದವು. ಹಿಂದಿನ ತಿಂಗಳುಗಳಿಗೆ ಹೋಲಿಸಿದರೆ ಜಿಲ್ಲೆಯಲ್ಲಿ ಹೃದ್ರೋಗದ ಸಾವು ಏರಿಲ್ಲ ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ತಿಳಿಸಿದರು. ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಿ ಮರಣೋತ್ತರ ಪರೀಕ್ಷೆ ನಡೆಸಬೇಕೆಂದು ಸರ್ಕಾರ ನಿರ್ಧರಿಸಿತು.

ಈ ಪ್ರಕರಣದಲ್ಲಿ ಜನರ ಅನುಮಾನವನ್ನು ಹಳಿಯುವುದು ಸುಲಭ, ನ್ಯಾಯವಲ್ಲ. ಅನುಮಾನ ಪಡುವುದೇ ವರದಿ ವ್ಯವಸ್ಥೆಯ ಮೊದಲ ಹೆಜ್ಜೆ. ಲಸಿಕೆಗಳಿಗೆ ಅಪರೂಪದ ತೊಂದರೆಗಳಿರುವುದು ನಿಜ. ಕೋವಿಶೀಲ್ಡ್ ಮಾದರಿಯ ಲಸಿಕೆಯಿಂದ ರಕ್ತ ಹೆಪ್ಪುಗಟ್ಟಿ ಪ್ಲೇಟ್‌ಲೆಟ್ ಕುಸಿಯುವ ತೊಂದರೆಯನ್ನು 2021ರಲ್ಲಿ ಯುರೋಪಿನಲ್ಲಿ ಪತ್ತೆಹಚ್ಚಿದ್ದು ಇಂಥ ವರದಿಗಳೇ. ಅದು ಕಾಣಿಸಿಕೊಳ್ಳುತ್ತಿದ್ದದ್ದು ಚುಚ್ಚಿಸಿಕೊಂಡ ಕೆಲವೇ ವಾರಗಳಲ್ಲಿ. ಅಂದರೆ ದಿನಾಂಕ ಮುಖ್ಯ. ಹಾಸನದಲ್ಲಿ ಕಾಡಿದ ಕೊರತೆ ದಾಖಲೆಯದ್ದು. ಮನೆಯಲ್ಲೇ ತೀರಿಕೊಂಡ ಹಲವರಿಗೆ ಶವಪರೀಕ್ಷೆ ಆಗಿರಲಿಲ್ಲ, ಇಸಿಜಿ ಇರಲಿಲ್ಲ. ಆಗ ಸಮಿತಿಯೂ 'ಇರಬಹುದು' ಎಂಬಲ್ಲಿಗೆ ನಿಲ್ಲಬೇಕಾಯಿತು. ಬರೆದಿಡದ ಅನುಮಾನ ವದಂತಿಯಾಗಿ ಬೆಳೆಯುತ್ತದೆ, ಅದನ್ನು ಸುಳ್ಳೆಂದು ತೋರಿಸುವುದೂ ಆಗ ಕಷ್ಟ.

ಲಸಿಕೆಗೆ ನಮ್ಮಲ್ಲಿ ಬೇರೆಯೇ ಹಾದಿ ಇದೆ. ಮಗುವಿಗೆ ಚುಚ್ಚಿಸಿದ ಮೇಲೆ ಫಿಟ್ಸ್ ಬಂದರೆ, ಕೀವುಗಡ್ಡೆ ಆದರೆ ಆಶಾ ಕಾರ್ಯಕರ್ತೆ ಅಥವಾ ಎಎನ್‌ಎಂ ಅದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತಿಳಿಸಬೇಕು. ಗಂಭೀರವಾದದ್ದು ತಡವಿಲ್ಲದೆ ಜಿಲ್ಲೆಗೆ ಹೋಗಬೇಕು. ಜಿಲ್ಲೆ, ರಾಜ್ಯ ಮತ್ತು ರಾಷ್ಟ್ರಮಟ್ಟದ ಸಮಿತಿಗಳು ಕಾರಣವನ್ನು ತೂಗುತ್ತವೆ. ಹಳ್ಳಿಯ ಮಟ್ಟಿಗೆ ಇದೇ ಅತ್ಯಂತ ಗಟ್ಟಿಯಾದ ಕೊಂಡಿ. ಆಶಾ ಕಾರ್ಯಕರ್ತೆ ಅದೇ ಊರಿನವಳು, ಮನೆಮನೆಯ ಪರಿಚಯ ಅವಳಿಗಿದೆ.

ಏನನ್ನು ವರದಿ ಮಾಡಬೇಕು

ವಾಕರಿಕೆ, ಗಂಧೆ, ತಲೆಸುತ್ತಿನಿಂದ ಹಿಡಿದು ಪ್ರಾಣಾಪಾಯದವರೆಗೆ ಯಾವುದನ್ನೂ ತಿಳಿಸಬಹುದು. ಹೊಸ ಔಷಧವಾದರೆ ಸಣ್ಣದ್ದೂ ಬೇಕು. ಹಳೆಯದಾದರೆ ಗಂಭೀರವಾದದ್ದು ಮತ್ತು ಹಿಂದೆ ಕಂಡಿರದದ್ದು ಮುಖ್ಯ. 'ಈ ಮಾತ್ರೆ ನನಗೆ ಹೀಟು', 'ಈ ಔಷಧಿ ಆಗಿಬರುವುದಿಲ್ಲ' ಎಂದು ನಮ್ಮವರು ಹೇಳಿ ಮುಗಿಸುವ ಮಾತಿನೊಳಗೆ ಎಷ್ಟೋ ಸಲ ನಿಜವಾದ ಅಲರ್ಜಿ ಅಡಗಿರುತ್ತದೆ.

ಮುಟ್ಟಿನ ನೋವಿಗೆ ಹೆಣ್ಣುಮಕ್ಕಳು ಚೀಟಿಯಿಲ್ಲದೆಯೇ ಕೊಳ್ಳುವ ಮೆಫೆನಮಿಕ್ ಆಸಿಡ್ ಮಾತ್ರೆಯ ಬಗ್ಗೆ ಭಾರತೀಯ ಫಾರ್ಮಕೊಪೀಯ ಆಯೋಗ 2023ರ ನವೆಂಬರ್ ಕೊನೆಯಲ್ಲಿ ಎಚ್ಚರಿಕೆ ನೀಡಿತು. ಇದರಿಂದ ಡ್ರೆಸ್ ಎಂಬ ತೀವ್ರ ಅಲರ್ಜಿ ಬರಬಹುದು: ಜ್ವರ, ದದ್ದು, ಗ್ರಂಥಿ ಊತ, ಜೊತೆಗೆ ಯಕೃತ್ತಿನಂಥ ಒಳಾಂಗಗಳಿಗೆ ಪೆಟ್ಟು. ಇದು ಮಾತ್ರೆ ನುಂಗಿದ ದಿನವೇ ಬಾರದೆ ಎರಡರಿಂದ ಎಂಟು ವಾರಗಳ ನಂತರ ಕಾಣಿಸಿಕೊಳ್ಳುತ್ತದೆ. ಅಷ್ಟರಲ್ಲಿ ರೋಗಿಗೂ ಮಾತ್ರೆಯ ನೆನಪು ಹೋಗಿರುತ್ತದೆ. ಆ ಎಚ್ಚರಿಕೆ ಹುಟ್ಟಿದ್ದು ಭಾರತದ ಆಸ್ಪತ್ರೆಗಳಿಂದಲೇ ಬಂದ ವರದಿಗಳಿಂದ.

ಕ್ಷಯದ ಚಿಕಿತ್ಸೆಯಲ್ಲಿ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವುದು ರಿಫಾಂಪಿಸಿನ್ ಮಾತ್ರೆಯ ಸಹಜ ಗುಣ, ಹೆದರಬೇಕಿಲ್ಲ. ಕಣ್ಣು ಹಳದಿಯಾದರೆ, ಊಟ ಸೇರದೆ ವಾಂತಿಯಾದರೆ ಅದು ಯಕೃತ್ತಿನ ತೊಂದರೆಯ ಸೂಚನೆ. ಕೂಡಲೇ ವೈದ್ಯರಿಗೆ ತೋರಿಸಬೇಕು, ವರದಿಯನ್ನೂ ಮಾಡಬೇಕು.

ಬೇಲೂರಿನ ಮಲೆನಾಡು ಭಾಗಕ್ಕೆ ವಿಶೇಷವಾಗಿ ಸಲ್ಲುವ ವಿಷಯ ಹಾವಿನ ವಿಷದ ಪ್ರತಿವಿಷ. ಕುದುರೆಯ ರಕ್ತಸಾರದಿಂದ ತಯಾರಾಗುವುದರಿಂದ ಕೆಲವರಿಗೆ ಇದು ಹಾಕುತ್ತಿದ್ದಂತೆ ನಡುಕ, ಗಂಧೆ, ಉಸಿರುಕಟ್ಟುವಿಕೆ, ರಕ್ತದೊತ್ತಡ ಕುಸಿತ ಆಗುತ್ತದೆ. ಅದಕ್ಕೆಂದೇ ಅಡ್ರಿನಲಿನ್ ಪಕ್ಕದಲ್ಲಿಟ್ಟುಕೊಂಡು ಹಾಕುತ್ತಾರೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕಷ್ಟೇ ನಮ್ಮ ಪ್ರತಿವಿಷ ತಯಾರಾಗಿದೆ. ಪಶ್ಚಿಮ ಘಟ್ಟದ ಕಾಫಿ ತೋಟಗಳಲ್ಲಿ ಕಾಣುವ, ಮೂತಿ ಮೇಲಕ್ಕೆತ್ತಿದ ಕುಳಿಮಂಡಲ ಅದರ ವ್ಯಾಪ್ತಿಯಲ್ಲಿಲ್ಲ. ಪ್ರತಿವಿಷ ಹಾಕಿಯೂ ರಕ್ತ ಹೆಪ್ಪುಗಟ್ಟದೆ ಇದ್ದರೆ ಅದನ್ನೂ ವರದಿ ಮಾಡಬೇಕು. ಔಷಧ ಕೆಲಸ ಮಾಡದಿರುವುದು ಸಹ ಈ ವ್ಯವಸ್ಥೆಯ ಲೆಕ್ಕಕ್ಕೆ ಬರುತ್ತದೆ. ಕರ್ನಾಟಕ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದರಿಂದ ಕಡಿತಗಳ ಲೆಕ್ಕ ಸಿಗುವ ದಾರಿ ತೆರೆದಿದೆ. ಪ್ರತಿವಿಷದ ತೊಂದರೆಗಳೂ ಅದರ ಜೊತೆಯಲ್ಲೇ ದಾಖಲಾಗಬೇಕು.

ಆಯುರ್ವೇದ, ಯುನಾನಿ, ಸಿದ್ಧ, ಹೋಮಿಯೋಪತಿ ಔಷಧಗಳಿಗೆ ಆಯುಷ್ ಸಚಿವಾಲಯದ ಪ್ರತ್ಯೇಕ ಕಾರ್ಯಕ್ರಮವಿದ್ದು, ದೆಹಲಿಯ ಅಖಿಲ ಭಾರತ ಆಯುರ್ವೇದ ಸಂಸ್ಥೆ ಅದರ ಕೇಂದ್ರ. ನಾಟಿ ಔಷಧಕ್ಕೆ ಅಡ್ಡ ಪರಿಣಾಮವೇ ಇಲ್ಲ ಎಂಬ ನಂಬಿಕೆ ಜನರಲ್ಲಿ ಬಲವಾಗಿದೆ, ಅದು ಸರಿಯಲ್ಲ. ಲೋಹಭಸ್ಮ ಸರಿಯಾಗಿ ತಯಾರಾಗದಿದ್ದರೆ, ಮಂಡಿನೋವಿನ ಪುಡಿಗೆ ಗುಟ್ಟಾಗಿ ಸ್ಟಿರಾಯ್ಡ್ ಬೆರೆಸಿದ್ದರೆ ಪೆಟ್ಟು ಬೀಳುವುದು ಮೂತ್ರಪಿಂಡಕ್ಕೆ, ಮೂಳೆಗೆ.

ಸಾಧನಗಳು

ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮ 2015ರ ಜುಲೈ 6ರಂದು ಆರಂಭವಾಯಿತು. 2017ರ ವೈದ್ಯಕೀಯ ಸಾಧನಗಳ ನಿಯಮಗಳು 2018ರ ಜನವರಿಯಿಂದ ಜಾರಿಗೆ ಬಂದವು. 2020ರ ಏಪ್ರಿಲ್ 1ರಿಂದ ಎಲ್ಲ ವೈದ್ಯಕೀಯ ಸಾಧನಗಳೂ ಕಾನೂನಿನ ಕಣ್ಣಿನಲ್ಲಿ ಔಷಧಗಳೇ. ಸಾಧನ ಎಂದೊಡನೆ ಸ್ಟೆಂಟ್, ಕೃತಕ ಮಂಡಿ ನೆನಪಾಗುತ್ತವೆ. ಆದರೆ ಮನೆಯ ಗ್ಲುಕೋಮೀಟರ್, ಬಿಪಿ ನೋಡುವ ಯಂತ್ರ, ನೆಬ್ಯುಲೈಸರ್, ಕಾಪರ್ ಟಿ, ಡ್ರಿಪ್ ಹಾಕುವ ಸೆಟ್ಟು, ಮೂತ್ರದ ಕೆಥಟರ್ ಎಲ್ಲವೂ ಇದರಲ್ಲಿ ಸೇರಿವೆ. ಗ್ಲುಕೋಮೀಟರ್ ತಪ್ಪು ತೋರಿಸಿ ಇನ್ಸುಲಿನ್ ಹೆಚ್ಚು ಹಾಕಿಕೊಂಡು ಪ್ರಜ್ಞೆ ತಪ್ಪಿದರೆ ಅದು ಸಾಧನದ ವರದಿ.

ದಾಖಲೆ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಡಿಪ್ಯೂ ಕಂಪನಿಯ ಎಎಸ್‌ಆರ್ ಕೃತಕ ಸೊಂಟದ ಕೀಲು ಸಾಕ್ಷಿ. ಲೋಹಕ್ಕೆ ಲೋಹ ಉಜ್ಜಿ ಕೋಬಾಲ್ಟ್ ಮತ್ತು ಕ್ರೋಮಿಯಂ ರಕ್ತಕ್ಕೆ ಸೇರುತ್ತಿದ್ದುದರಿಂದ 2010ರ ಆಗಸ್ಟ್‌ನಲ್ಲಿ ಅದನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಂಡರು. ಭಾರತದಲ್ಲಿ ಸುಮಾರು 4,700 ಶಸ್ತ್ರಕ್ರಿಯೆಗಳು ನಡೆದಿದ್ದವು. ಕೇಂದ್ರ ಸರ್ಕಾರದ ಸಮಿತಿ ಹುಡುಕಲು ಹೊರಟಾಗ ಸುಮಾರು 3,600 ರೋಗಿಗಳ ಪತ್ತೆಯೇ ಇರಲಿಲ್ಲ. ಪರಿಹಾರ ಗೊತ್ತುಮಾಡಿದರೂ ಪಡೆಯಬೇಕಾದವರು ಯಾರೆಂದು ತಿಳಿಯಲಿಲ್ಲ. ದೇಹದೊಳಗೆ ಏನನ್ನು ಕೂರಿಸಿದರೂ ಅದರ ಸ್ಟಿಕರನ್ನು ಡಿಸ್ಚಾರ್ಜ್ ಚೀಟಿಗೆ ಅಂಟಿಸಿಕೊಡುವಂತೆ ಕೇಳುವುದು ರೋಗಿಯ ಹಕ್ಕು.

ಬಳ್ಳಾರಿಯ ಪಾಠ

2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ತಾಯಂದಿರಲ್ಲಿ ಐವರು, ಮೂತ್ರಪಿಂಡ ಮತ್ತಿತರ ಅಂಗಗಳು ಸೋತು, ಕೆಲವೇ ವಾರಗಳಲ್ಲಿ ತೀರಿಕೊಂಡರು. ಅನುಮಾನ ಬಿದ್ದದ್ದು ಡ್ರಿಪ್‌ನಲ್ಲಿ ಹಾಕುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಅದನ್ನು ಪೂರೈಸಿದ ಪಶ್ಚಿಮ ಬಂಗಾಳದ ಕಂಪನಿಯ ಹಲವು ಬ್ಯಾಚ್‌ಗಳು ಗುಣಮಟ್ಟದ್ದಲ್ಲ ಎಂದು ರಾಜ್ಯದ ಪ್ರಯೋಗಾಲಯ ಮೊದಲೇ ಹೇಳಿತ್ತು, ಕೇಂದ್ರದ ಪ್ರಯೋಗಾಲಯ ಅವುಗಳಲ್ಲಿ ಕೆಲವನ್ನು ಸರಿಯಿದೆ ಎಂದಿತ್ತು. ಸರ್ಕಾರ ಆ ದ್ರಾವಣದ ಬಳಕೆ ನಿಲ್ಲಿಸಿ ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. 2025ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಮೇದಿನೀಪುರದ ಆಸ್ಪತ್ರೆಯಲ್ಲಿ ಬಾಣಂತಿಯೊಬ್ಬರು ಸತ್ತಾಗ ಅದೇ ಕಂಪನಿಯ ದ್ರಾವಣದ ಹೆಸರು ಮತ್ತೆ ಕೇಳಿಬಂತು. ಒಂದು ರಾಜ್ಯದ ಎಚ್ಚರಿಕೆ ಇನ್ನೊಂದು ರಾಜ್ಯದ ವಾರ್ಡಿಗೆ ಸಕಾಲಕ್ಕೆ ಮುಟ್ಟದಿದ್ದದ್ದು ಆಡಳಿತದ ಸೋಲು.

ಸರ್ಕಾರಿ ಆಸ್ಪತ್ರೆಗಳ ಔಷಧವನ್ನು ರಾಜ್ಯದ ವೈದ್ಯಕೀಯ ಸರಬರಾಜು ನಿಗಮ ಒಟ್ಟಾಗಿ ಕೊಂಡು ಹಂಚುತ್ತದೆ. ಬಳ್ಳಾರಿಗೆ ಹೋದ ಬ್ಯಾಚ್ ಬೇರೆ ಜಿಲ್ಲೆಗೂ ಹೋಗಿರಬಹುದು. ಆದ್ದರಿಂದ ತಾಲೂಕು ಆಸ್ಪತ್ರೆಯ ನರ್ಸ್ ಬಾಟಲಿಯ ಬ್ಯಾಚ್ ಸಂಖ್ಯೆಯನ್ನು ಕೇಸ್ ಶೀಟಿನಲ್ಲಿ ಬರೆಯುವ ಒಂದು ಸಾಲು ಬೇರೆ ಊರಿನ ತಾಯಿಯ ಜೀವ ಉಳಿಸೀತು.

ವರದಿ ಮಾಡುವ ಬಗೆ

ವರದಿಗೆ ನಾಲ್ಕು ಸಂಗತಿಗಳು ಸಾಕು: ರೋಗಿಯ ಗುರುತು (ಹೆಸರಿನ ಮೊದಲಕ್ಷರ ಮತ್ತು ವಯಸ್ಸು), ಅನುಮಾನದ ಔಷಧ, ಆದ ತೊಂದರೆ, ವರದಿ ಮಾಡುವವರ ವಿವರ. ಪುರಾವೆ ಬೇಕಿಲ್ಲ, ಅನುಮಾನ ಇದ್ದರೆ ಸಾಕು. ಕಾರಣವನ್ನು ತೂಗುವುದು ತಜ್ಞರ ಕೆಲಸ. ಔಷಧ ನಿಲ್ಲಿಸಿದಾಗ ತೊಂದರೆ ಇಳಿಯಿತೇ, ಮತ್ತೆ ಕೊಟ್ಟಾಗ ಮರುಕಳಿಸಿತೇ, ರೋಗವೇ ಕಾರಣವಾಗಿರಬಹುದೇ ಎಂದೆಲ್ಲ ನೋಡಿ ಅವರು ಖಚಿತ, ಸಂಭವನೀಯ, ಸಾಧ್ಯ, ಅಸಂಭವ ಮುಂತಾಗಿ ವಿಂಗಡಿಸುತ್ತಾರೆ. ರೋಗಿಯ ಗುರುತನ್ನು ಗೋಪ್ಯವಾಗಿಡುತ್ತಾರೆ. ವರದಿ ಮಾಡಿದ ಮಾತ್ರಕ್ಕೆ ವೈದ್ಯರು ತಪ್ಪು ಒಪ್ಪಿಕೊಂಡಂತೆ ಆಗುವುದಿಲ್ಲ.

ಇಷ್ಟು ಸರಳವಾಗಿದ್ದರೂ ವರದಿಗಳು ಬರುವುದು ಅಲ್ಪ. 12 ದೇಶಗಳ 37 ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟವಾದ ವಿಮರ್ಶೆಯ ಪ್ರಕಾರ ವರದಿಯಾಗದೆ ಉಳಿಯುವ ದುಷ್ಪರಿಣಾಮಗಳ ಮಧ್ಯಮಾಂಕ ಶೇ. 94. ನಮ್ಮ ತಾಲೂಕುಗಳಲ್ಲಿ ಇದಕ್ಕೆ ಕಾರಣಗಳು ಕಾಣುವಂತೆಯೇ ಇವೆ. ಹೊರರೋಗಿಗಳ ಸಾಲಿನ ಮುಂದೆ ವೈದ್ಯರಿಗೆ ಪುರುಸೊತ್ತಿಲ್ಲ. ಮೇಲಿನವರು ವಿಚಾರಣೆಗೆ ಕರೆದಾರೆಂಬ ಅಂಜಿಕೆ ಸಿಬ್ಬಂದಿಗಿದೆ. ಮೆಡಿಕಲ್ ಸ್ಟೋರಿನವರಿಗೆ ಇದು ತಮ್ಮ ಕೆಲಸವೆಂದು ಯಾರೂ ಹೇಳಿಕೊಟ್ಟಿಲ್ಲ. ತಾವೇ ವರದಿ ಮಾಡಬಹುದೆಂಬುದು ರೋಗಿಗಳಿಗೆ ಗೊತ್ತಿಲ್ಲ. ಔಷಧ ಅಂಗಡಿಗಳು ಈ ಕಾರ್ಯಕ್ರಮದ ಕ್ಯೂಆರ್ ಕೋಡನ್ನೂ ಸಹಾಯವಾಣಿಯನ್ನೂ ಕಾಣುವಂತೆ ಅಂಟಿಸಬೇಕೆಂದು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ಸೂಚಿಸಿದೆ. ಹಳೇಬೀಡು, ಬೇಲೂರಿನ ಔಷಧ ವ್ಯಾಪಾರಿಗಳು ಅದನ್ನು ಅಂಟಿಸಿ ನಿಲ್ಲಿಸಬಾರದು, ಮಾತ್ರೆ ಕತ್ತರಿಸಿ ಕೊಡುವಾಗ ಬ್ಯಾಚ್ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆದುಕೊಡಬೇಕು.

ಔಷಧದಿಂದ ತೊಂದರೆಯಾದರೆ ಮೊದಲು ಚಿಕಿತ್ಸೆ ಪಡೆಯಿರಿ. ವೈದ್ಯರನ್ನು ಕೇಳದೆ ಬಿಪಿ, ಸಕ್ಕರೆ, ಮೂರ್ಛೆ ರೋಗದ ಮಾತ್ರೆಗಳನ್ನು ತಟ್ಟನೆ ನಿಲ್ಲಿಸಬೇಡಿ. ಉಳಿದ ಮಾತ್ರೆ, ಪಟ್ಟಿ, ಬಾಟಲಿ, ಬಿಲ್ಲು ಎಸೆಯಬೇಡಿ. ಸಾರ್ವಜನಿಕರಿಗೆಂದೇ ಇರುವ ನಮೂನೆ ಕನ್ನಡದಲ್ಲೂ ಸಿಗುತ್ತದೆ. ಕೆಲಸದ ದಿನಗಳಲ್ಲಿ ಬೆಳಗ್ಗೆ 9ರಿಂದ ಸಂಜೆ 5.30ರವರೆಗೆ 1800-180-3024 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ತಿಳಿಸಬಹುದು.